ನರ್ಸಕ್ಕನಿಗೆ ಹೊಲಿದ ಚೀಲ

ಹೊಸ ಚೀಲವನ್ನು ಹೊಳೆಯ ಮಡುವಿನಲ್ಲಿ ಮುಳುಗಿಸಿ ಮೇಲೆತ್ತಿದೆ. ಹಸಿ ಕ್ಯಾನ್ವಾಸಿನ ವಾಸನೆ, ಕೆಸರಿನ ವಾಸನೆ, ಜೊತೆಗೆ ಬೆಳಿಗ್ಗೆ ಬಕಲ್ಲಿಗೆ ಅಂಟಿದ್ದ ಗೋಂದನ್ನು ಒರೆಸಲು ಬಳಸಿದ್ದ ಸ್ಪಿರಿಟ್ಟಿನ ವಾಸನೆ. ಎಲ್ಲ ಒಟ್ಟಿಗೆ ಮೂಗಿಗೆ ಬಡಿದಾಗ ಕೈ ಅಲ್ಲಿಯೇ ನಿಂತುಬಿಟ್ಟಿತು. ಹೊಳೆಯೂ ಆಸ್ಪತ್ರೆಯೂ ಬೆರೆತ ಈ ವಾಸನೆ ನನಗೆ ಗೊತ್ತಿದ್ದವರಲ್ಲಿ ಒಬ್ಬರ ಮೈಮೇಲೆ ಮಾತ್ರ ಇರುತ್ತಿತ್ತು… ಎಷ್ಟು ವರ್ಷವಾಯಿತೋ.

ಹೊನ್ನಾಳಿಯಲ್ಲಿ ನನ್ನದೊಂದು ಬ್ಯಾಗು ಹೊಲಿಯುವ ಸಣ್ಣ ಅಂಗಡಿ. ಶಾಲೆಯ ಬ್ಯಾಗು, ಟ್ರ್ಯಾಕ್ಟರಿನ ಸೀಟ್ ಕವರು, ರಾಶಿಗೆ ಹೊದಿಸುವ ತಾಡಪಾಲು, ಇಷ್ಟೇ ನಮ್ಮ ಕೆಲಸ. ಈ ಸಲ ಶಿವಮೊಗ್ಗದ ಅಂಗಡಿಯವರೊಬ್ಬರು ಬೇರೆ ಥರದ ಚೀಲ ಕೇಳಿದ್ದಾರೆ. ಮೀನು ಹಿಡಿಯಲು, ಗುಡ್ಡ ಬೆಟ್ಟ ತಿರುಗಲು ಹೋಗುವವರಿಗೆ. ಬೆನ್ನಿಗೆ ಒಂದು ದೊಡ್ಡ ಚೀಲ. ಅದರ ಮೇಲೆ, ಪಕ್ಕದಲ್ಲಿ, ಕೆಳಗೆ ಬೇಕಾದಾಗ ಸೇರಿಸಿ ಬೇಡವಾದಾಗ ಬಿಚ್ಚಿಡುವ ಸಣ್ಣ ಸಣ್ಣ ಚೀಲಗಳು. ಗಾಳದ ಕೋಲಿಗೆ ಉದ್ದನೆಯದು, ಮೀನಿಗೆ ನೀರಿಳಿಯದ್ದು, ಬುತ್ತಿಗೆ ಮತ್ತೊಂದು. ಮಾಡ್ಯುಲರ್ ಬ್ಯಾಗ್ ಅಂತೆ. “ಮೊದಲು ಒಂದು ಹೊಲೀರಿ ಮೇಡಂ. ನೀವೇ ಹೊತ್ಕೊಂಡು ತಿರುಗಾಡಿ ನೋಡ್ರಿ. ಏನು ಕಿತ್ತು ಬರುತ್ತೆ, ಏನು ತಡೆಯುತ್ತೆ ಹೇಳ್ರಿ” ಎಂದಿದ್ದರು.

ಹೊತ್ತುಕೊಂಡು ತಿರುಗುತ್ತಿದ್ದೇನೆ. ಕಲ್ಲು ತುಂಬಿಕೊಂಡು ಚನ್ನಗಿರಿಗೆ ಹೋಗಿ ಸೂಳೆಕೆರೆಯ ಏರಿಯುದ್ದಕ್ಕೂ ನಡೆದೆ. ಬಸವಾಪಟ್ಟಣದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಪಕ್ಕದ ಹೆಂಗಸು, “ಯಾವೂರಿಗೆ ಯಾತ್ರೆ ಹೊಂಟೀರಿ?” ಎಂದು ಕೇಳಿದಳು. ಈ ವಯಸ್ಸಿನಲ್ಲಿ ಮಂಡಿ ಮಾತು ಕೇಳುವುದಿಲ್ಲ, ಹೆಗಲು ಸಂಜೆಯಾದರೆ ಕಲ್ಲಾಗುತ್ತದೆ. ಈ ಆರ್ಡರು ಬಂದರೆ ಅಂಗಡಿಯ ಹುಡುಗಿಯರಿಗೆ ವರ್ಷಪೂರ್ತಿ ಕೆಲಸ. ಬರದಿದ್ದರೆ ಬಾಗಿಲು ಹಾಕಿ ಮಲಗಬಹುದು ಎಂದು ಒಳಗೊಂದು ಮನಸ್ಸು ಹೇಳುತ್ತದೆ. ಎರಡರಲ್ಲಿ ಯಾವುದು ಬೇಕೆಂದು ನನಗೇ ತಿಳಿಯುತ್ತಿಲ್ಲ.

ಹಾಗೆ ದಣಿದು ಇಂದು ಹೊಳೆಗೆ ಬಂದವಳಿಗೆ ಆ ವಾಸನೆ ಬಡಿಯಿತು. ನರ್ಸಕ್ಕ ನೆನಪಾದರು.

ನರ್ಸಕ್ಕ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗ ನನಗೆ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಅವರು ಜಗಳೂರು ಕಡೆಯ ಸೊಕ್ಕೆಯವರು. ಜೊತೆಗಿದ್ದವರು ತಾಯಿ ಒಬ್ಬರೇ. ಆ ತಾಯಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಕಣ್ಣಲ್ಲೇ ಸಿಟ್ಟು, ಕಣ್ಣಲ್ಲೇ ಪ್ರೀತಿ. ನರ್ಸಕ್ಕ ಆಸ್ಪತ್ರೆಯಲ್ಲಿ ಹೆರಿಗೆ ನೋಡಿಕೊಳ್ಳುತ್ತಿದ್ದರು, ವಾರದಲ್ಲಿ ಕೆಲವು ದಿನ ಹಳ್ಳಿಗಳಿಗೆ ಮಕ್ಕಳ ಚುಚ್ಚುಮದ್ದಿಗೆ ಹೋಗುತ್ತಿದ್ದರು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಬರೀ ಆಕಾಶ ಎನ್ನುವ ಊರಲ್ಲಿ ಬೆಳೆದ ಅವರು ಹೊನ್ನಾಳಿಗೆ ಕೆಲಸಕ್ಕೆ ಬಂದ ಮೊದಲ ದಿನ ಬಸ್ಸು ಸೇತುವೆಯ ಮೇಲೆ ಬಂದಾಗ ಎದ್ದು ನಿಂತುಬಿಟ್ಟಿದ್ದರಂತೆ. “ಇಷ್ಟು ನೀರು ಸುಮ್ನೆ ಹೋಗ್ತೈತಲ್ಲ, ಯಾರೂ ಏನೂ ಅನ್ನಲ್ವಾ ಅಂತ ಕಂಡಕ್ಟರ್‌ನ ಕೇಳಿದ್ದೆ ಕಣವ್ವ” ಎಂದು ಹೇಳಿಕೊಂಡು ನಗುತ್ತಿದ್ದರು.

ಆ ಹೊಳೆಯ ಹುಚ್ಚಿಗೇ ಇರಬೇಕು, ಅವರು ಗಾಳ ಹಾಕುವುದನ್ನು ಕಲಿತದ್ದು. ದಡದ ಬೆಸ್ತರಿಂದ ಒಂದು ಬಿದಿರುಕೋಲು ಪಡೆದು, ನವಿಲುಗರಿಯ ದಂಟನ್ನೇ ನೀರ ಮೇಲೆ ತೇಲುವ ಬೆಂಡು ಮಾಡಿಕೊಂಡು, ಬಿಡುವಿದ್ದ ಮಧ್ಯಾಹ್ನಗಳಲ್ಲಿ ಬಂಡೆಯ ಮೇಲೆ ಕೂರುತ್ತಿದ್ದರು. ಬಿಳಿ ಸೀರೆಯ ನರ್ಸು ಹೊಳೆದಂಡೆಯಲ್ಲಿ ಮೀನು ಹಿಡಿಯುವುದೆಂದರೆ ನಮ್ಮ ಬೀದಿಗೆ ಸಣ್ಣ ಸುದ್ದಿಯಲ್ಲ. ಅದೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಮೀನು ತಿನ್ನುತ್ತಿರಲಿಲ್ಲ, ಸಿಕ್ಕ ಜಿಲೇಬಿ ಮೀನನ್ನು ಬೀದಿ ಕೊನೆಯ ಆಟೋದವನ ಮನೆಗೆ ಕೊಟ್ಟು, ಕೈಯನ್ನು ಸ್ಪಿರಿಟ್ಟಿನಲ್ಲಿ ತೊಳೆದುಕೊಂಡೇ ತಾಯಿಯ ಹತ್ತಿರ ಹೋಗುತ್ತಿದ್ದರು. ಆದರೂ ತಾಯಿಗೆ ಗೊತ್ತಾಗುತ್ತಿತ್ತು. ಮೂಗು ಅರಳಿಸಿ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ನಮ್ಮತ್ತೆ ಮಾತ್ರ ಬಾಯಿಬಿಟ್ಟೇ ಹೇಳುತ್ತಿದ್ದರು: “ತಿನ್ನಾಕಿಲ್ಲ, ಮಾರಾಕಿಲ್ಲ. ಹಂಗಾದ್ರೆ ಯಾಕೆ ಹಿಡೀಬೇಕು?”

ನನಗೂ ಅರ್ಥವಾಗಿರಲಿಲ್ಲ. ಅರ್ಥವಾಗುವ ಕಾಲ ಆಮೇಲೆ ಬಂತು.

ನನ್ನ ಮಗು ಹುಟ್ಟುವಾಗಲೇ ಉಸಿರಿರಲಿಲ್ಲ. ಹೆರಿಗೆ ಕೋಣೆಯಲ್ಲಿದ್ದವರು ನರ್ಸಕ್ಕನೇ. ನನ್ನ ಹಣೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು ಎಂಬುದಷ್ಟೇ ನೆನಪು… ಉಳಿದದ್ದು ಮಸುಕು. ಮನೆಗೆ ಬಂದ ಮೇಲೆ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ನಮ್ಮನೆಯವರು ಲಾರಿ ಹತ್ತಿ ಹೋದರೆ ದಿನಗಟ್ಟಲೆ ಬರುತ್ತಿರಲಿಲ್ಲ. ಅತ್ತೆ ತೊಟ್ಟಿಲನ್ನು ಯಾರ ಮನೆಗೋ ದಾಟಿಸಿದ್ದರು. ತವರಿನಿಂದ ತಂದ ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದ್ದೆ. ಅದರಲ್ಲೇ ಅಲ್ಲವೇ ಮಗುವಿಗೆಂದು ಕುಲಾವಿ ಹೊಲಿದದ್ದು.

ಒಂದು ಮಧ್ಯಾಹ್ನ ನರ್ಸಕ್ಕ ಬಾಗಿಲಲ್ಲಿ ನಿಂತು, “ಬಾರವ್ವ, ಹೊಳೆಗೆ ಹೋಗಾಣ” ಎಂದರು. ಅತ್ತೆ ಏನೋ ಹೇಳಲು ಬಾಯಿ ತೆರೆದರು. “ಡಾಕ್ಟ್ರು ಓಡಾಡಿಸ್ರಿ ಅಂದಾರೆ” ಎಂದು ನರ್ಸಕ್ಕ ಮುಖ ಗಂಭೀರ ಮಾಡಿಕೊಂಡು ಹೇಳಿದರು. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ.

ಬಂಡೆಯ ಮೇಲೆ ಅವರ ಪಕ್ಕದಲ್ಲಿ ಕೂತೆ. ಅವರು ಗಾಳ ಬಿಟ್ಟರು. ಬೆಂಡು ಅಲುಗುತ್ತಿತ್ತು, ಸುಮ್ಮನಾಗುತ್ತಿತ್ತು. ಬಿಸಿಲು ಬಂಡೆಯಿಂದ ಬಂಡೆಗೆ ಸರಿಯಿತು. ಬಹಳ ಹೊತ್ತಾದ ಮೇಲೆ ನಾನೇ ಕೇಳಿದೆ: “ತಿನ್ನಲ್ಲ ಅಂದ್ಮೇಲೆ ಯಾಕಕ್ಕ ಇದು?”

“ಕಾಯಾಕೆ” ಎಂದರು. “ಆಸ್ಪತ್ರೇಲೂ ದಿನಾ ಕಾಯೋದೇ ನನ್ನ ಕೆಲಸ. ಅಲ್ಲಿ ಕಾಯ್ತಾ ಕೂತ್ರೆ ಎದುರಿಗೆ ಯಾರಾದ್ರೂ ನೋವು ತಿಂತಿರ್ತಾರೆ. ಇಲ್ಲಿ ಯಾರೂ ಇಲ್ಲ ನೋಡು. ಬಂದ್ರೆ ಮೀನು, ಇಲ್ಲಾಂದ್ರೆ ಇಲ್ಲ.” ಆಮೇಲೆ, “ಅಳಬೇಕು ಅನ್ಸಿದ್ರೆ ಅಳು. ಹೊಳೆ ಸದ್ದಿಗೆ ನನಗೇನೂ ಕೇಳ್ಸಲ್ಲ” ಎಂದರು.

ಅವತ್ತು ನಾನು ಅತ್ತುಬಿಟ್ಟೆ. ಮಗು ಹೋದ ಮೇಲೆ ಮೊದಲ ಸಲ.

ಆಮೇಲೆ ಅವರ ಬಿಡುವಿನ ದಿನಗಳೆಲ್ಲ ನಮ್ಮಿಬ್ಬರವು. ಹಳ್ಳಿಗೆ ಹೋಗುವಾಗಲೂ ಕರೆಯತೊಡಗಿದರು. ಅವರ ಹೆಗಲು ನೋಡಿದರೆ ಅಯ್ಯೋ ಅನಿಸುತ್ತಿತ್ತು. ಒಂದು ಕಡೆ ಔಷಧಿಯ ಚೀಲ, ಇನ್ನೊಂದು ಕಡೆ ಲಸಿಕೆಯ ಐಸ್ ಡಬ್ಬಿ, ಕೊರಳಿಗೆ ಬುತ್ತಿ, ಕೈಯಲ್ಲಿ ಗಾಳದ ಸಾಮಾನಿನ ಗಂಟು. ಔಷಧಿಗೆ ಮೀನಿನ ನಂಜು ತಾಗಬಾರದೆಂದು ಎರಡನ್ನೂ ದೂರ ದೂರ ಹಿಡಿದು ನಡೆಯುತ್ತಿದ್ದರು, ಜಗಳವಾಡುವ ಮಕ್ಕಳನ್ನು ಹಿಡಿದುಕೊಂಡ ಹಾಗೆ. “ಎಲ್ಲಾ ಬೆನ್ನಿಗೆ ಬರಬೇಕು, ಆದ್ರೆ ಬೇಕಾದ್ದನ್ನ ಬೇಕಾದಾಗ ಬಿಚ್ಕೊಳ್ಳಂಗಿರಬೇಕು. ಹೊಲಿಯಾಕೆ ಬರುತ್ತೇನು ನಿನಗೆ?” ಎಂದು ಒಂದು ದಿನ ಕೇಳಿದರು. ಬರುವುದಿಲ್ಲ ಎಂದೆ. ಮಿಷನ್ನಿನ ಸದ್ದು ಪಕ್ಕದ ಮನೆಯ ಅವರಿಗೆ ಕೇಳಿರಲಿಲ್ಲವೇ? ಅವರು ಮತ್ತೆ ಕೇಳಲಿಲ್ಲ. ಆ ವಾರವೇ ಮಿಷನ್ನಿನ ಮೇಲಿನ ಬಟ್ಟೆ ತೆಗೆದೆ.

ನಮ್ಮನೆಯವರ ಲಾರಿಯ ಹಳೆ ತಾಡಪಾಲು, ಒಂದು ಹರಿದ ಕ್ಯಾನ್ವಾಸು, ಚೀಲಗಳನ್ನು ಸಿಕ್ಕಿಸಲು ನಾಯಿ ಸರಪಳಿಯ ಕೊಂಡಿಗಳು. ಮೊದಲ ಚೀಲ ಸೇತುವೆ ದಾಟುವಷ್ಟರಲ್ಲಿ ಪಟ್ಟಿ ಕಿತ್ತುಕೊಂಡು ಬಿತ್ತು. ಇನ್ನೊಂದು ಸಲ ಕೆಳಗಿನ ಚೀಲ ನಡೆದಾಗಲೆಲ್ಲ ಹಿಂಗಾಲಿಗೆ ಬಡಿಯುತ್ತಿತ್ತು. ನರ್ಸಕ್ಕ ಸಂಜೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು, ರವಿಕೆ ಸರಿಸಿ ಹೆಗಲ ಕೆಂಪು ಗೆರೆ ತೋರಿಸಿ, “ಇಲ್ಲಿ ಕಚ್ಚುತ್ತೆ ನೋಡು” ಎನ್ನುತ್ತಿದ್ದರು. ನಾನು ಬಿಚ್ಚುತ್ತಿದ್ದೆ, ಮತ್ತೆ ಹೊಲಿಯುತ್ತಿದ್ದೆ. ಅತ್ತೆ ನೋಡುತ್ತಾ ನಿಂತಿದ್ದು, ಒಂದು ದಿನ ತಾವೇ ಹಳೆಯ ಕೌದಿಯ ತುಂಡು ತಂದು, “ಇದನ್ನ ಪಟ್ಟಿ ಅಡಿಗೆ ಕೊಡು, ಮೆತ್ತಗಿರುತ್ತೆ” ಎಂದರು.

ಆ ಚೀಲ ಸರಿಯಾಗಿ ಕೂತ ಮೇಲೆ ಒಂದು ಬೆಳಿಗ್ಗೆ ನ್ಯಾಮತಿ ಕಡೆಯ ಹಳ್ಳಿಯೊಂದಕ್ಕೆ ಹೋದೆವು. ಚುಚ್ಚುಮದ್ದು ಮುಗಿಸಿ ವಾಪಸು ಬರುವಾಗ ದಾರಿಯ ಕೆರೆಯಲ್ಲಿ ಗಾಳ ಹಾಕುವ ಆಸೆ ಅವರಿಗೆ. ಬಸ್ಸಿಗೆ ಕಾಯದೆ ಮೆಕ್ಕೆಜೋಳದ ಹೊಲಗಳ ನಡುವೆ ನಡೆಯುತ್ತಿದ್ದೆವು. ಎದುರಿಗೆ ಟ್ರ್ಯಾಕ್ಟರೊಂದು ರಸ್ತೆ ಮಧ್ಯೆಯೇ ನಿಂತಿತ್ತು. ಟ್ರೇಲರಿನ ಹುಲ್ಲಿನ ಮೇಲೆ ಒಬ್ಬ ಬಸುರಿ. ನ್ಯಾಮತಿ ಆಸ್ಪತ್ರೆಗೆ ಹೊರಟವಳಿಗೆ ದಾರಿಯಲ್ಲೇ ನೋವು ಜೋರಾಗಿತ್ತು. ಟ್ರ್ಯಾಕ್ಟರು ಓಡಿಸುತ್ತಿದ್ದ ಗಂಡ ಕೆಳಗಿಳಿದು, ಯಾವ ಕಡೆ ಓಡಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದ.

ನರ್ಸಕ್ಕ ನಡೆಯುತ್ತಲೇ ಭುಜದ ಹಿಂದೆ ಕೈ ಹಾಕಿ ಔಷಧಿ ಚೀಲವನ್ನು ಕೊಂಡಿಯಿಂದ ಬಿಡಿಸಿಕೊಂಡರು. ಉಳಿದದ್ದನ್ನೆಲ್ಲ ರಸ್ತೆ ಬದಿಗೆ ಇಳಿಸಿದರು. ಟ್ರೇಲರು ಹತ್ತಿ ನನ್ನ ಕಡೆ ತಿರುಗಿ, “ಬಾ” ಎಂದರು.

“ನಾ ಬರಲ್ಲಕ್ಕ” ಎಂದೆ.

“ತಲೆ ಹಿಡ್ಕೊಳ್ಳಾಕೆ ಒಬ್ರು ಬೇಕು ಕಣವ್ವ. ಬಾ.”

ಹತ್ತಿದೆ. ಹೇಗೆ ಹತ್ತಿದೆನೋ. ಆ ಹೆಂಗಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವಳು ನನ್ನ ಮುಂಗೈಯನ್ನು ಉಗುರು ಇಳಿಯುವಂತೆ ಹಿಡಿದಳು. ನರ್ಸಕ್ಕ ಅವಳಿಗೆ ಹೇಳುತ್ತಿದ್ದ ಮಾತುಗಳನ್ನೇ ನನಗೂ ಹೇಳಿದ್ದರು ಎಂದು ಆಗ ನೆನಪಾಯಿತು… ಕಣ್ಣು ಮುಚ್ಚಿಕೊಂಡೆ. ಮಗು ಬಂತು. ಬಂದ ಮೇಲೆ ಸದ್ದಿಲ್ಲ. ಆ ಸುಮ್ಮನಿರುವಿಕೆ ನನಗೆ ಗೊತ್ತಿತ್ತು. ನರ್ಸಕ್ಕ ಬೆರಳಿಗೆ ಬಟ್ಟೆ ಸುತ್ತಿ ಅದರ ಬಾಯಿ ಒರೆಸಿದರು, ಬೆನ್ನು ಉಜ್ಜಿದರು, ಮತ್ತೆ ಉಜ್ಜಿದರು. ಆಮೇಲೆ ಅದು ಅತ್ತಿತು, ಬೆಕ್ಕಿನ ಮರಿಯ ಹಾಗೆ ಸಣ್ಣಗೆ, ಮರುಕ್ಷಣ ಹೊಲವೆಲ್ಲ ಕೇಳುವಂತೆ.

ಬಾಣಂತಿಯನ್ನು ನೋಡಿಕೊಳ್ಳಬೇಕಿತ್ತಲ್ಲ, ನರ್ಸಕ್ಕ ಮಗುವನ್ನು ಸುತ್ತಿ ನನ್ನ ಕೈಗೆ ಕೊಟ್ಟರು. ಟ್ರ್ಯಾಕ್ಟರು ನ್ಯಾಮತಿ ಮುಟ್ಟುವವರೆಗೂ ಅದು ನನ್ನ ಎದೆಗೇ ಒರಗಿತ್ತು. ಆಸ್ಪತ್ರೆಗೆ ಒಪ್ಪಿಸಿ ಹೊರಗೆ ಬಂದು ನಲ್ಲಿಯ ಹತ್ತಿರ ನರ್ಸಕ್ಕ ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು. ಅಷ್ಟು ವರ್ಷದ ಅನುಭವದವರು. “ನಿನ್ನ ಹೆರಿಗೆ ಆದ ದಿನದಿಂದ ಹಿಂಗೇ” ಎಂದರು. “ಮಗು ಅಳೋ ತನಕ ನನಗೆ ಜೀವ ಇರಲ್ಲ.”

ಅವರೂ ಕಾಯುತ್ತಿದ್ದದ್ದು ಯಾತಕ್ಕೆಂದು ಅವತ್ತು ತಿಳಿಯಿತು. ನಾವಿಬ್ಬರೂ ನಲ್ಲಿಯ ಕಟ್ಟೆಯ ಮೇಲೆ ಕೂತು ಬುತ್ತಿಯಿಲ್ಲದ ಹೊಟ್ಟೆಯಲ್ಲಿ ಚಹಾ ಕುಡಿದೆವು. ರಸ್ತೆ ಬದಿಯಲ್ಲಿ ಬಿಟ್ಟ ಸಾಮಾನನ್ನು ಸಂಜೆ ಹೋಗಿ ತಂದೆವು. ಯಾರೂ ಮುಟ್ಟಿರಲಿಲ್ಲ.

ನನಗೆ ಆಮೇಲೂ ಮಕ್ಕಳಾಗಲಿಲ್ಲ. ಆದರೆ ಮಿಷನ್ನು ನಿಲ್ಲಲಿಲ್ಲ. ನರ್ಸಕ್ಕನ ಬೆನ್ನ ಮೇಲಿನ ಚೀಲ ನೋಡಿ ಬೇರೆ ನರ್ಸುಗಳು ಕೇಳಿದರು, ಅಂಚೆಯವನು ಕೇಳಿದ. ಹಾಗೇ ಅಂಗಡಿಯಾಯಿತು.

ಕೆಲವು ವರ್ಷದ ನಂತರ ಅವರು ತಾವಾಗಿಯೇ ಜಗಳೂರು ಕಡೆಗೆ ವರ್ಗ ಮಾಡಿಸಿಕೊಂಡರು. ತಾಯಿ ಊರಿನ ದಿಕ್ಕಿಗೆ ಕೈ ಮಾಡಿ ಕಣ್ಣೀರು ಹಾಕುತ್ತಿದ್ದರು, ಅದಕ್ಕೆ. ಹೊರಡುವ ದಿನ ಹೊಳೆಯ ಹತ್ತಿರ ಹೋಗೋಣವೇ ಎಂದರೆ, “ಬ್ಯಾಡ ಬಿಡು, ಹೋದ್ರೆ ಹೊರಡಾಕೆ ಆಗಲ್ಲ” ಎಂದರು. ತಾಯಿ ತೀರಿಕೊಂಡ ಮೇಲೂ ಸೊಕ್ಕೆಯಲ್ಲೇ ತಮ್ಮನ ಮನೆಯಲ್ಲಿ ಉಳಿದರು. ಮೊದಮೊದಲು ಫೋನು ಬರುತ್ತಿತ್ತು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಮೇಲೆ ಕಡಿಮೆಯಾಯಿತು… ಹೋದ ವರ್ಷ ಅವರ ತಮ್ಮನಿಂದ ಸುದ್ದಿ ಬಂದಾಗ ಮಣ್ಣು ಮಾಡಿ ದಿನಗಳಾಗಿದ್ದವು.

ಕಳೆದ ವಾರ ಈ ಹೊಸ ಚೀಲವನ್ನು ದೂರದ ಬಸ್ಸಿನಲ್ಲಿ ನೋಡಬೇಕೆಂಬ ನೆಪ ಹೂಡಿ ಸೊಕ್ಕೆಗೆ ಹೋಗಿದ್ದೆ. ತಮ್ಮನ ಹೆಂಡತಿ ಹೊಲದ ಬದುವಿಗೆ ಕರೆದುಕೊಂಡು ಹೋಗಿ ಜಾಗ ತೋರಿಸಿದರು. ಶೇಂಗಾ ಕಿತ್ತ ಒಣಭೂಮಿ, ಒಂದು ಬೇವಿನ ಗಿಡ. ಚೀಲ ಇಳಿಸಿ ಪಕ್ಕದಲ್ಲಿ ಕೂತೆ.

“ನೀವು ಹೊನ್ನಾಳಿಯೋರಲ್ಲೇನ್ರಿ?” ಎಂದು ಅವರು ಕೇಳಿದರು. “ಕಡೆಕಡೀಗೆ ಕಣ್ಣು ಕಾಣ್ತಿರಲಿಲ್ಲ ನಮ್ಮ ಅತ್ತಿಗೆಗೆ. ಆ ಕಡೆಯಿಂದ ಯಾರು ಬಂದ್ರೂ ಕೈ ಹಿಡ್ಕೊಂಡು ಒಂದೇ ಮಾತು ಕೇಳೋರು ನೋಡ್ರಿ. ಹೊಳೆ ತುಂಬೈತಾ ಅಂತ.”

“ತುಂಬೈತೆ” ಎಂದೆ. ಯಾರಿಗೆ ಹೇಳಿದೆನೋ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ಹೊಳೆ ತುಂಬಿಲ್ಲ. ಬೇಸಿಗೆ, ಬಂಡೆಗಳೆಲ್ಲ ಮೇಲೆದ್ದಿವೆ, ನೀರು ಮಡುಗಳಲ್ಲಿ ಮಾತ್ರ ನಿಂತಿದೆ. ಚೀಲದ ನೀರು ಬಸಿಯುವವರೆಗೆ ಕೂತಿದ್ದೇನೆ. ಎಡಗಡೆಯ ಪಟ್ಟಿ ಬದಲಾಯಿಸಬೇಕು ಎಂದು ಶಿವಮೊಗ್ಗದವರಿಗೆ ಇವತ್ತು ಹೇಳುತ್ತೇನೆ. ಮಳೆ ಶುರುವಾದರೆ ಈ ಬಂಡೆ ಮುಳುಗುತ್ತದೆ. ಸೇತುವೆಯ ಮೇಲೆ ಜನ ನಿಂತು ನೋಡುತ್ತಾರೆ, ಪ್ರತಿ ವರ್ಷದ ಹಾಗೆ. ತುಂಬಿದೆ ಎಂದು ನಾನು ಹೇಳಬೇಕಾದವರಿಗೆ ಈ ವರ್ಷ ಹೇಳುವಂತಿಲ್ಲ.