ಬೂತಾಯಿ ಬಾರದ ಬುಧವಾರಗಳು

ಇವತ್ತು ಬೆಳಿಗ್ಗೆ ಹಾಲು ಕಾಯಿಸುತ್ತ ನಿಂತಿದ್ದಾಗ ಅಡುಗೆಮನೆಯ ಕಿಟಕಿಯಿಂದ ಬೂತಾಯಿ ಹುರಿಯುವ ವಾಸನೆ ಬಂತು. ಬೂತಾಯಿ ಅಂದರೆ ಗೇಣಿಗಿಂತ ಚಿಕ್ಕದಾದ, ಬೆಳ್ಳಿ ಮೈಯ ಒಂದು ಮೀನು. ಇಲ್ಲಿನ ಮರಾಠಿ ಜನ ಅದನ್ನು ತಾರ್ಲಿ ಅನ್ನುತ್ತಾರೆ. ನಾನು ಗದಗಿನ ಕಡೆಯವಳು. ಊಟಕ್ಕೆ ಕೂತಾಗ ಮೊಟ್ಟೆ ಎಂಬ ಶಬ್ದವನ್ನೂ ಆಡದ ಮನೆತನ ನಮ್ಮದು. ಇಂಥವಳು ಕಿಟಕಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಅರ್ಧ ತೆರೆದಿದ್ದ ಇನ್ನೊಂದು ಕದವನ್ನೂ ಪೂರ್ತಿ ತಳ್ಳಿ, ಸರಳಿಗೆ ಮುಖವಿಟ್ಟು ನಿಂತೆ. ಇತ್ತ ಹಾಲು ಉಕ್ಕಿ ಒಲೆಯೆಲ್ಲ ಬೆಳ್ಳಗಾಯಿತು.

ಯಾಕೆ ಹೀಗೆ ಎಂದು ನೀವು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ನನಗೆ ಬಾರದು. ನಾನು ಸ್ಲೋ ಲೋಕಲ್ ರೈಲಿನ ಜಾತಿ. ಎಲ್ಲ ಸ್ಟೇಷನ್ನಿನಲ್ಲೂ ನಿಂತೇ ಹೋಗಬೇಕು.

ನಾವು ಡೊಂಬಿವಲಿ ಪಕ್ಕದ ಈ ಠಾಕುರ್ಲಿಗೆ ಬಂದದ್ದು ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿದ್ದ ದಿನಗಳಲ್ಲಿ. ನಮ್ಮ ಮನೆಯವರಿಗೆ ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಜೊತೆಗೆ ಅತ್ತೆಯವರು. ಮೊದಲ ಮಹಡಿಯಲ್ಲಿ ನಮ್ಮ ಮನೆ. ನಮ್ಮ ಒಲೆಯ ಕೆಳಗೆ ಸರಿಯಾಗಿ ಗಿರಿಜಕ್ಕನ ಒಲೆ. ಗಿರಿಜಕ್ಕ ಉಡುಪಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಎರಡು ಉದ್ದ ಬೆಂಚು ಹಾಕಿ ಖಾನಾವಳಿ ನಡೆಸುತ್ತಿದ್ದರು. ಹೋಟೆಲಿನ ಹುಡುಗರು, ಕಾರ್ಖಾನೆಯಲ್ಲಿ ಪಾಳಿ ಮುಗಿಸಿದವರು, ಮದುವೆಯಾಗದ ಗುಮಾಸ್ತರು, ಎಲ್ಲರೂ ತಿಂಗಳ ಲೆಕ್ಕದಲ್ಲಿ ಉಣ್ಣುವವರು. ಬುಧವಾರ, ಶುಕ್ರವಾರ, ಭಾನುವಾರ ಮೀನು; ಬುಧವಾರವಂತೂ ತಪ್ಪದೆ ಬೂತಾಯಿ. ಅಂದರೆ ವಾರಕ್ಕೆ ಮೂರು ದಿನ ನಮ್ಮ ಮನೆಯಲ್ಲಿ ಊದಿನಕಡ್ಡಿ.

"ಸಮುದ್ರ ಸಮುದ್ರದಾಗ ಇರಬೇಕವಾ. ನಮ್ಮ ಪಡಸಾಲಿಗೆ ಯಾಕ ಬರ್ತದ ಅದು?" ಎಂದು ಅತ್ತೆ ಮೂಲೆಗೊಂದು ಕಡ್ಡಿ ಹಚ್ಚುತ್ತಿದ್ದರು. ಕೊನೆಗೆ ಮಲ್ಲಿಗೆ ಮತ್ತು ಮೀನು ಸೇರಿದ ಮೂರನೆಯದೊಂದು ವಾಸನೆ ಹುಟ್ಟುತ್ತಿತ್ತು. ಅದರ ಮುಂದೆ ಬರೀ ಮೀನೇ ವಾಸಿ.

ಆದರೆ ಗಿರಿಜಕ್ಕನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿರಲಿಲ್ಲ. ನಮಗಾಗಿಯೇ ಒಂದು ಸ್ಟೀಲಿನ ಡಬ್ಬಿ ಬೇರೆ ಇಟ್ಟಿದ್ದರು. ಮೀನಿಲ್ಲದ ದಿನ, ಸ್ನಾನ ಮಾಡಿ, ಆ ಡಬ್ಬಿಯಲ್ಲಿ ಹಲಸಿನ ಎಲೆಯ ಕಡುಬೋ ಗುಳಿಯಪ್ಪವೋ ತುಂಬಿ ಮೆಟ್ಟಿಲು ಹತ್ತಿ ಬರುವರು. "ಅಮ್ಮ, ಇದಕ್ಕೆ ಮೀನಿನ ಗಾಳಿಯೂ ತಾಗ್ಲಿಲ್ಲ, ನನ್ನಾಣೆ" ಎಂದು ಹೊಸ್ತಿಲಾಚೆಯೇ ನಿಂತು ಹೇಳುವರು. ಅತ್ತೆ ತಿಂದು, "ಕೈ ಚಲೋ ಅದ, ವಾಸನಿ ಒಂದs ಕೆಟ್ಟ" ಎಂದು ತೀರ್ಪು ಕೊಡುವರು.

ವರ್ಷಗಳು ಹೋದಂತೆ ನನ್ನ ಮೂಗು ಓದು ಕಲಿತಿತು. ಬಂಗುಡೆ ಮೀನಿನ ವಾಸನೆ ನೆಂಟರಂತೆ ಬಾಗಿಲು ತಟ್ಟಿ ಬರುತ್ತದೆ. ಬೂತಾಯಿಯದು ಮನೆಯ ಮಗನಂತೆ ಚಪ್ಪಲಿಯನ್ನೂ ಕಳಚದೆ ನೇರ ಒಳಗೆ. ಅದರ ಮೈಯಲ್ಲೇ ಎಣ್ಣೆ. ಹುರಿದರೆ ಓಣಿಗೆಲ್ಲ ಸುದ್ದಿ. ಗಿರಿಜಕ್ಕನ ಖಾನಾವಳಿಯಲ್ಲಿ ಉಳಿದ ಮೀನಿಗೆ ತುಂಡಿನ ಲೆಕ್ಕ, ಬೂತಾಯಿಗೆ ಲೆಕ್ಕವಿಲ್ಲ. ಬೇಕೆಂದವರಿಗೆ ಬೇಕಾದಷ್ಟು. ಅಷ್ಟು ಅಗ್ಗವಾಗಿ ರಾಶಿರಾಶಿ ಸಿಗುತ್ತಿತ್ತು. ನಿಜ ಹೇಳಬೇಕೆಂದರೆ ಆ ಎರಡು ಬೆಂಚುಗಳು ನಿಂತದ್ದು ಮರದ ಕಾಲಿನ ಮೇಲಲ್ಲ, ಬೂತಾಯಿಯ ಮೇಲೆ.

ಮಳೆಗಾಲದಲ್ಲಿ ಮೀನು ಕಡಿಮೆಯಿರುವುದು ನಮಗೂ ಗೊತ್ತಿತ್ತು. ಆದರೆ ಎರಡು ಸಾವಿರದ ಹತ್ತರ ದಶಕ ಅರ್ಧ ಕಳೆದಿದ್ದಾಗ ಒಂದು ವರ್ಷ ದಸರೆ ಮುಗಿದು ದೀಪಾವಳಿ ಬಂದರೂ ಬುಧವಾರದ ವಾಸನೆ ಬರಲಿಲ್ಲ. ಮೊದಲು ಗಮನಿಸಿದವರು ಅತ್ತೆಯೇ. ಕೈಯಲ್ಲಿ ಹಚ್ಚದ ಊದಿನಕಡ್ಡಿ ಹಿಡಿದು, "ಇವತ್ತ ಬುಧವಾರ ಹೌದಲ್ಲೋ?" ಎಂದು ಕ್ಯಾಲೆಂಡರ್ ನೋಡಿದರು. ಮುಂದಿನ ಬುಧವಾರವೂ ಇಲ್ಲ. ಅದರ ಮುಂದಿನದೂ ಇಲ್ಲ. ನಮಗೆ ಕಸಿವಿಸಿ ಶುರುವಾಯಿತು. ಯಾಕೆಂದರೆ ಆಗಷ್ಟೇ ಸೊಸೈಟಿಯ ಮೀಟಿಂಗಿನಲ್ಲಿ ನಮ್ಮ ಮನೆಯವರು, "ಕೆಳಗಿನವರು ಒಂದು ಎಗ್ಸಾಸ್ಟ್ ಫ್ಯಾನ್ ಹಾಕಿಸಿದರೆ ಚೆನ್ನಾಗಿತ್ತು" ಎಂದು ಬಾಯಿ ಬಿಟ್ಟು ಬಂದಿದ್ದರು.

"ಒಬ್ಬಾಕಿ ಹೆಣ್ಣಮಗಳ ಅನ್ನಕ್ಕ ಕಲ್ಲು ಹಾಕಿದಿ" ಎಂದು ಅತ್ತೆ ಮಗನ ಜೊತೆ ಮಾತು ಬಿಟ್ಟರು. ಹದಿನೈದು ವರ್ಷ ಬೈದ ವಾಸನೆಗಾಗಿ ಈಗ ಮನೆಯಲ್ಲಿ ಮುನಿಸು! ಕಡೆಗೆ ಶೇಂಗಾ ಹೋಳಿಗೆ ಮಾಡಿಕೊಂಡು ಅತ್ತೆ, ಸೊಸೆ ಕೆಳಗಿಳಿದೆವು. ಗಿರಿಜಕ್ಕ ಬೆಂಚಿನ ಮೇಲೆ ಕೂತು ಹುರುಳಿ ಆರಿಸುತ್ತಿದ್ದರು.

"ಗಿರಿಜವ್ವಾ, ನನ್ನ ಮಗಾ ಏನರ ಅಂದಿದ್ರ ಮನಸ್ಸಿಗೆ ಹಚ್ಕೋಬ್ಯಾಡ. ನಿನ್ನ ಮೀನು ನೀ ಮಾಡು. ನಮಗೇನು, ರೂಢಿ ಆಗೇದ."

ಗಿರಿಜಕ್ಕನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕು ನಕ್ಕು ಮೊರದಿಂದ ಹುರುಳಿ ಚೆಲ್ಲಿದರು. "ಅಯ್ಯೋ ಅಮ್ಮ! ನಿಮ್ಮ ಊದುಬತ್ತಿಗೆ ಹೆದರಿ ಮೀನು ಬಿಡುವ ಜನವಾ ನಾನು? ಬೂತಾಯಿಯೇ ಇಲ್ಲ. ಮಲ್ಪೆ ಬಂದರಿನಲ್ಲೇ ಇಲ್ಲ ಅಂದ ಮೇಲೆ ಡೊಂಬಿವಲಿ ಮಾರ್ಕೆಟಿಗೆ ಎಲ್ಲಿಂದ ಬರ್ಬೇಕು ಹೇಳಿ?"

"ಇಲ್ಲಂದ್ರ? ಸಮುದ್ರ ಅದ ಅಲಾ?"

"ಸಮುದ್ರ ಉಂಟು. ಮೀನಿಲ್ಲ." ನಗು ಅಲ್ಲಿಗೇ ನಿಂತಿತು. ಊರಿನಲ್ಲಿ ಅವರ ಅಣ್ಣನಿಗೆ ಒಂದು ದೋಣಿಯಲ್ಲಿ ಪಾಲಿತ್ತು. ಗಿರಿಜಕ್ಕನೂ ಕೂಡಿಟ್ಟದ್ದನ್ನು ಅದಕ್ಕೇ ಹಾಕಿದ್ದರು. "ದೋಣಿ ಕಟ್ಟಿ ಹಾಕಿ ಆಯ್ತು. ಹಾಕಿದ ಡೀಸೆಲಿನ ಅಸಲೂ ಹುಟ್ಟುದಿಲ್ಲ. ಐಸಿನ ಫ್ಯಾಕ್ಟರಿಯವ ಅರ್ಧ ದಿನ ಬಾಗಿಲು ಹಾಕ್ತಾನಂತೆ. ಮೀನು ಆರಿಸುವ ಹೆಂಗಸರೆಲ್ಲ ಗೇರುಬೀಜದ ಕಾರ್ಖಾನೆಗೆ ಹೋಗ್ತಾ ಇದ್ದಾರಂತೆ. ಇಲ್ಲಿ ನಾನು ಬಂಗುಡೆ ಹಾಕುವ ಅಂದ್ರೆ ಅದು ಬಂಗಾರ ಆಗಿ ಕೂತಿದೆ. ರೇಟು ಏರಿಸಿದ್ರೆ ಹುಡುಗರು ವಡಾಪಾವ್ ತಿಂದು ಮಲಗ್ತಾರೆ."

ಮೀನು ಬರಲಿಲ್ಲ ಅಂದರೆ ಮೀನು ತಿನ್ನುವವರ ನಾಲಿಗೆಗೆ ಮಾತ್ರ ನಷ್ಟ ಎಂದುಕೊಂಡಿದ್ದೆ ನಾನು. ನೋಡಿ, ನನ್ನ ಬುದ್ಧಿ!

ಆ ಚಳಿಗಾಲದಲ್ಲಿ ಕನ್ನಡ ಸಂಘದಲ್ಲಿ ಸಮುದ್ರದ ವಿಷಯ ಓದಿಕೊಂಡ ಒಬ್ಬರ ಭಾಷಣವಿತ್ತು. ಸಾಮಾನ್ಯವಾಗಿ ಭಾಷಣಕ್ಕೆ ನಾನು ಹೋಗುವುದು ನಂತರದ ಉಪ್ಪಿಟ್ಟಿಗೆ. ಅವತ್ತು ಮಾತ್ರ ಮುಂದಿನ ಸಾಲಿನಲ್ಲೇ ಕೂತೆ. ಸಮುದ್ರದ ಅಡಿಯಲ್ಲಿ ತಣ್ಣೀರು ಇರುತ್ತದಂತೆ. ಮೀನಿನ ಮೇವಿಗೆ ಬೇಕಾದ ಸತ್ವವೆಲ್ಲ ಅಲ್ಲಿ. ಗಾಳಿ ಮತ್ತು ಒಳಹರಿವು ಸರಿಯಾಗಿದ್ದರೆ ಅದು ಮೇಲೆದ್ದು ಬರುತ್ತದಂತೆ. ಭೂಮಿಯ ಕಾವು ಏರಿ ಮೇಲಿನ ನೀರು ಬಿಸಿಯಾದರೆ, ಹರಿವು ಸೊರಗಿದರೆ, ಅಡಿಯದು ಅಡಿಯಲ್ಲೇ ಉಳಿಯುತ್ತದಂತೆ. ಬಲೆಗಳು ಅತಿಯಾದದ್ದೂ ಒಂದು ಕಾರಣ, ಯಾವುದು ಎಷ್ಟು ಎಂದು ತೂಗಿ ಹೇಳಲು ತಮಗೂ ಬಾರದು ಎಂದೂ ಹೇಳಿದರು. ಬಾರದು ಎಂದದ್ದರಿಂದ ಅವರ ಮೇಲೆ ನಂಬಿಕೆ ಬಂತು. ದೂರದ ದೊಡ್ಡ ಸಮುದ್ರಗಳಲ್ಲಿ ಇನ್ನೂ ದೊಡ್ಡ ಹರಿವುಗಳಿವೆಯಂತೆ; ಅವು ಸೊರಗಿದರೆ ದೇಶದೇಶಗಳ ಮಳೆ, ಬೆಳೆ, ಬಂದರು ಎಲ್ಲದರ ಖರ್ಚು ಏರುತ್ತದಂತೆ. ಹಿಂದಿನ ಸಾಲಿನಿಂದ ಯಾರೋ, "ಉಪ್ಪಿಟ್ಟು ಆರ್ತಾ ಉಂಟು" ಎಂದರು. ಸಭೆ ಮುಗಿಯಿತು.

ಮನೆಗೆ ಬಂದು ಅತ್ತೆಗೆ ಇದನ್ನು ಹೇಗೆ ಹೇಳಲಿ? ಒಲೆಯ ಮೇಲೆ ಸಾರಿತ್ತು. "ಅತ್ತಿ, ಸಾರು ಕಲಕದs ಬಡಿಸಿದ್ರ ಏನಾಗ್ತದ?" ಎಂದೆ.

"ಬ್ಯಾಳಿ ತಳಕ್ಕ, ನೀರು ತಾಟಿಗೆ."

"ಸಮುದ್ರದಾಗೂ ಹಂಗs ಆಗೇದಂತ."

ಅತ್ತೆ ಸೌಟೆತ್ತಿ ಸಾರು ಕಲಕಿದರು. "ಹಂಗಾರ ಸಮುದ್ರಕ್ಕ ಸೌಟು ಹಿಡಿಯೋ ಕೈ ಸೋತಾವ ಅನ್ನು. ಪಾಪ, ಆಕಿ ಬಡಿಸಬೇಕಂದ್ರ ಎಲ್ಲಿಂದ ಬಡಿಸ್ಯಾಳು?" ಆಕಿ ಅಂದದ್ದು ಗಿರಿಜಕ್ಕನನ್ನೋ ಸಮುದ್ರವನ್ನೋ ನಾನು ಕೇಳಲಿಲ್ಲ.

ನಡುವೆ ಗಿರಿಜಕ್ಕ ಹೊರದೇಶದಿಂದ ಐಸಿನಲ್ಲಿ ಬರುವ ಬೂತಾಯಿಯನ್ನೂ ತಂದು ನೋಡಿದರು. ದಪ್ಪ ಮೀನು. ಹುರಿದಾಗ ವಾಸನೆ ನಮ್ಮ ಕಿಟಕಿಯ ತನಕ ಬಂದು ಮನಸ್ಸಿಲ್ಲದೆ ತಿರುಗಿ ಹೋಯಿತು. ಹುಡುಗರು ಏನೂ ಅನ್ನದೆ ಉಂಡೆದ್ದರಂತೆ. "ಬೈದಿದ್ರೆ ಆಗ್ತಿತ್ತು. ಸುಮ್ಮನೆ ಕೈ ತೊಳೆದ್ರು ನೋಡಿ, ಅದು ತಡೀಲಿಕ್ಕಾಗ್ಲಿಲ್ಲ" ಎಂದರು. ಒಬ್ಬೊಬ್ಬರೇ ಬರುವುದು ಬಿಟ್ಟರು. ಒಂದು ಬೆಂಚು ಖಾಲಿಯಾಗಿ, ಅದರ ಮೇಲೆ ಬಟ್ಟೆ ಮಡಚಿಡಲು ಶುರುವಾಯಿತು. ಖಾರ್‌ಘರಿನಲ್ಲಿರುವ ಮಗಳು ಭಾನುವಾರ ಬಂದು, "ಮಮ್ಮೀ, ಬಸ್ ಕರೋ ಅಬ್. ಮೇರೆ ಪಾಸ್ ಆ ಜಾವೋ" ಎಂದು ಹಿಂದಿಯಲ್ಲೇ ತನ್ನ ಮನೆಗೆ ಕರೆದಳು. ಗಿರಿಜಕ್ಕ ಕನ್ನಡದಲ್ಲಿ, "ಅಲ್ಲಿ ಬಂದು ಎಂತ ಮಾಡ್ಲಿ, ನಿನ್ನ ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗ್ಲಾ?" ಎಂದರು. ಆದರೆ ಮರುವಾರ ನಮ್ಮ ಸ್ಟೀಲಿನ ಡಬ್ಬಿಯನ್ನು ಫಳಫಳ ತಿಕ್ಕಿ, "ಇದು ನಿಮ್ಮಲ್ಲೇ ಇರ್ಲಿ" ಎಂದು ಮೇಲೆ ತಂದು ಕೊಟ್ಟರು. ಖಾನಾವಳಿ ಮುಚ್ಚಿ ಮಗಳ ಮನೆಗೆ ಹೊರಡುವ ಯೋಚನೆಯೆಂದು ಅತ್ತೆಗೆ ಅರ್ಥವಾಯಿತು.

"ಡಬ್ಬಿ ಒಯ್ಯಿ ಕೆಳಗ" ಅಂದರು ಅತ್ತೆ. "ನಿನಗ ರೊಟ್ಟಿ ಬಡಿಯಾಕ ಬರ್ತದೇನು?"

"ಅಮ್ಮ, ನಂದು ನೀರುದೋಸೆಯ ಕೈ."

"ನೀರುದೋಸಿ ಕೈನs ಆಗಲಿ. ಬುಧವಾರ, ಶುಕ್ರವಾರ ಜೋಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಹಿಂಡಿ. ನಮ್ಮ ಕಡಿ ಹುಡುಗ್ರು ಅಂಬರನಾಥದ ತನಕ ಅದಾರ, ರೊಟ್ಟಿ ಸಿಗದs ಸೊರಗ್ಯಾರ. ನಾ ಕಲಿಸ್ತೀನಿ."

ಹೀಗೆ, ಊದಿನಕಡ್ಡಿ ಹಿಡಿದು ಹೋರಾಡಿದ ನಮ್ಮ ಅತ್ತೆ ಮೀನಿನ ಖಾನಾವಳಿಯ ಅಡುಗೆಮನೆ ಹೊಕ್ಕರು. ಮೊದಲು ಅರಿಸಿನ ನೀರು ಚಿಮುಕಿಸಿಕೊಂಡರು ಎನ್ನುವುದನ್ನೂ ಹೇಳಿಬಿಡುತ್ತೇನೆ. ಗಿರಿಜಕ್ಕನ ಮೊದಲ ರೊಟ್ಟಿಗಳು ಕರ್ನಾಟಕದ ನಕ್ಷೆಯ ಹಾಗಿದ್ದವು, ಅದೂ ಬೀದರ ಹರಿದುಹೋದ ನಕ್ಷೆ. "ಬಡಿ, ಬಡಿ, ಅದೇನು ನಿನ್ನ ಮೊಮ್ಮಗನ ಬೆನ್ನೇನು, ಮೆತ್ತಗ ತಟ್ಟಾಕ?" ಎಂದು ಅತ್ತೆ ಗದರುವರು. "ಈ ಅಮ್ಮನಿಗಿಂತ ಕಡಲೇ ವಾಸಿ" ಎಂದು ಇವರು ಗೊಣಗುವರು. ತಿಂಗಳು ಕಳೆಯುವಷ್ಟರಲ್ಲಿ ಬೆಂಚಿನ ಮೇಲಿನ ಬಟ್ಟೆ ಎತ್ತಬೇಕಾಯಿತು. ವಿಜಾಪುರದವರು, ಬಾಗಲಕೋಟೆಯವರು, ಅವರ ಕೈಹಿಡಿದು ಸೋಲಾಪುರದ ಮರಾಠಿಗರು ಬಂದರು. ಹಳೆಯ ಉಡುಪಿ ಹುಡುಗರೂ ಎಣಗಾಯಿಗೆ ಬೈಯುತ್ತಲೇ ವಾಪಸಾದರು. ಭಾನುವಾರ ಮಾತ್ರ ಸಿಕ್ಕ ಮೀನು, ಸಿಕ್ಕಷ್ಟು. ಅಣ್ಣನ ದೋಣಿಗೆ ಹಾಕಿದ ದುಡ್ಡು ಮಾತ್ರ ಮರಳಲಿಲ್ಲ. ಆ ಅಣ್ಣ ಪಾಲು ಬಿಟ್ಟುಕೊಟ್ಟು ಊರಿನ ಸಿಮೆಂಟು ಅಂಗಡಿಯಲ್ಲಿ ಕೆಲಸಕ್ಕೆ ಕೂತರು. ಎಲ್ಲ ನಷ್ಟಕ್ಕೂ ರೊಟ್ಟಿ ಮದ್ದಲ್ಲ.

ಇದೆಲ್ಲ ಆಗಿ ವರ್ಷಗಳ ಮೇಲೆ ಇವತ್ತು ಈ ವಾಸನೆ. ಅದೂ ಬುಧವಾರ, ರೊಟ್ಟಿಯ ದಿನ. ಒಲೆ ಒರೆಸಿದ್ದೇ ಕೆಳಗಿಳಿದೆ. ಅತ್ತೆಗೆ ಈಗ ಮೊಣಕಾಲು ಬಗ್ಗದು. "ಬಂತಂತೇನು ಅದು? ಕೇಳಿ ಬಾ" ಎಂದು ಮಂಚದಿಂದಲೇ ಕೂಗಿದರು.

ಗಿರಿಜಕ್ಕ ಕಾವಲಿಯ ಮುಂದೆ ನಿಂತಿದ್ದರು; ಬುಟ್ಟಿಯಲ್ಲಿ ಬೂತಾಯಿ ರಾಶಿ ಬಿದ್ದು ಮಿಂಚುತ್ತಿತ್ತು. ಕಿವಿಗೆ ಫೋನು. ಅಣ್ಣನೊಂದಿಗೆ ತುಳುವಿನಲ್ಲಿ ಜೋರು ಮಾತು. ಇಟ್ಟ ಮೇಲೆ ನನಗೆ ಕನ್ನಡದಲ್ಲಿ ಹೇಳಿದರು: "ಅಲ್ಲಿ ಮೊನ್ನೆಯಿಂದ ಬೂತಾಯಿಯೋ ಬೂತಾಯಿಯಂತೆ. ಅಣ್ಣ ಕುಣೀತಾ ಇದ್ದಾನೆ. ಪುನಃ ದೋಣಿಗೆ ಪಾಲು ಹಾಕುವ, ನೀನೂ ಇರುವುದನ್ನು ಕೊಡು, ಆ ರೊಟ್ಟಿ ಗಿಟ್ಟಿ ಸಾಕು ಅಂತಾನೆ."

ನಾನು ಕೇಳಿದೆ: "ನೀವೇನಂದ್ರಿ?"

"ಎಂತ ಹೇಳುದು? ಸಂತೋಷವೇ. ಬಂದ ನೆಂಟರಿಗೆ ಉಪಚಾರ ಮಾಡುವ. ಆದ್ರೆ ನೆಂಟರನ್ನು ನಂಬಿ ಮನೆ ನಡೆಸ್ಲಿಕ್ಕೆ ಆಗ್ತದಾ? ನಾಳೆ ನೀರು ಹೇಗೆ ಹರೀತದೋ ಆ ಕಡಲಿಗೇ ಗೊತ್ತಿಲ್ಲ. ಕೊಡುದಿಲ್ಲ ಅಂದೆ. ಸಿಟ್ಟು ಬಂದಿದೆ ಅವನಿಗೆ, ಇಳೀತದೆ." ಮೀನು ಮಗುಚಿ ಹಾಕಿ ನನ್ನತ್ತ ತಿರುಗಿದರು. "ನೀವು ನಿಂತು ನೋಡುದೆಂತ ಮಾರಾಯ್ರೆ? ನನಗೆ ಎರಡೇ ಕೈ. ಹಿಟ್ಟು ನಾದಿ ಇಟ್ಟಿದ್ದೇನೆ."

ಮೀನು ಬೇಯುವಾಗ ಆ ಅಡುಗೆಮನೆಯೊಳಗೆ ನಾನು ಒಮ್ಮೆಯೂ ಕಾಲಿಟ್ಟವಳಲ್ಲ. ಸೆರಗು ಸಿಕ್ಕಿಸಿಕೊಂಡು ಕೂತೆ. ಒಂದು ಮೊಳ ಆಚೆಗೆ ಬೂತಾಯಿ ಚುರುಗುಡುತ್ತಿತ್ತು, ಈಚೆಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮೂಗು ತುಂಬ, ಕಣ್ಣು ತುಂಬ ಹೊಗೆ. ಬೆಂಚಿನಲ್ಲಿ ಕಾದು ಕೂತವರಲ್ಲಿ ಯಾರೋ ಎರಡೂ ಸದ್ದು ಕೇಳಿ ಒಳಗೆ ಇಣುಕಿದ.

"ಗಿರಿಜಕ್ಕಾ, ಮೀನೂ ಉಂಟಾ?"

"ಇವತ್ತು ಉಂಟು" ಎಂದರು ಗಿರಿಜಕ್ಕ.