ಎಣಿಸುವ ಮೊದಲೇ ಮುಗಿದ ನೇರಳೆ ಹಣ್ಣು

ಇವತ್ತು ಮಗಳ ಶಾಲೆಯಲ್ಲಿ ಆದದ್ದು ಕೇಳಿ ಮಾರಾಯ್ರೆ. ಒಂದನೇ ಕ್ಲಾಸಿಗೆ ಈ ವಾರ ಎಲ್ಲ ಪಾಠವೂ ನೇರಳೆ ಹಣ್ಣಿನ ಮೇಲೆಯೇ. ಹಾಡಿದರೆ ಕನ್ನಡ, ರುಚಿ ನೋಡಿದರೆ ಪರಿಸರ, ಎಣಿಸಿದರೆ ಗಣಿತ. ಯಾವುದು ಮೊದಲಿರಲಿ ಎಂದು ಪಾಠ ಮಾಡುವ ಅಕ್ಕೋರು ತಾಯಂದಿರನ್ನೂ ಕೇಳಿದ್ದರು. ಲೆಕ್ಕಕ್ಕೆ ಹೆದರಿ ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಮಗಳೂ ಹಾಗೇ ಹೆದರಿದರೆ ಎಂಬ ಚಿಂತೆಯಲ್ಲಿ, "ಲೆಕ್ಕ ಕಡೆಗಿರ್ಲಿ ಅಕ್ಕೋರೆ, ಮೊದ್ಲು ತಿನ್ಲಿ" ಎಂದುಬಿಟ್ಟಿದ್ದೆ.

ಹಣ್ಣು ಒಯ್ದವಳೂ ನಾನೇ, ಹಾಗಾಗಿ ಬಾಗಿಲಲ್ಲೇ ನಿಂತಿದ್ದೆ. ಗಣಿತದ ಹೊತ್ತಿಗೆ ಅಕ್ಕೋರು ಚೀಲ ಕೊಡವಿದರೆ ಒಂದು ಹಣ್ಣೂ ಇಲ್ಲ. ಮಕ್ಕಳ ನಾಲಗೆಯೆಲ್ಲ ನೇರಳೆ ಬಣ್ಣ.

"ಈಗ ಎಂತ ಎಣಿಸೂದು ಹೇಳಿ" ಎಂದು ಅಕ್ಕೋರು ನನ್ನನ್ನೇ ನೋಡಿದರು.

ಅಷ್ಟರಲ್ಲಿ ನನ್ನ ಮಗಳು ಎದ್ದು, "ಬೀಜ ಅಂಗಳದಲ್ಲೇ ಉಗ್ದಿದ್ದು ಅಕ್ಕೋರೆ, ಅದ್ನೇ ಎಣಿಸ್ವ" ಎಂದಳು. ಇಡೀ ಕ್ಲಾಸು ಅಂಗಳಕ್ಕೆ ಓಡಿತು. ಬೀಜವನ್ನು ಹತ್ತು ಹತ್ತರ ಗುಡ್ಡೆ ಮಾಡಿದ ಮೇಲೆ ಅವಳೇ ಮತ್ತೆ ಕೇಳಿದಳು: "ನಾ ನುಂಗಿದ್ದನ್ನೂ ಸೇರಿಸ್ಬೇಕಾ?"

ಲೆಕ್ಕಕ್ಕೆ ಅವಳು ಹೆದರುವುದಿಲ್ಲ, ಅದು ಖಾತ್ರಿಯಾಯಿತು. ಮುಂದಿನ ವಾರದ ಪಾಠ ಜೋಡಿಸಲೂ ನಾನು ಹೋಗುವವಳೇ, ಐದನೇ ಕ್ಲಾಸಿಗೇ ಬಿಟ್ಟವಳು ಎಂದು ಯಾರು ನಕ್ಕರೂ ಸರಿ. ಸದ್ಯಕ್ಕೆ ನುಂಗಿದ ಬೀಜದ್ದೊಂದೇ ಚಿಂತೆ.