ಬೆಚ್ಚದ ಕೂಸು

ಸೊಕ್ಕೆ ಊರಿನ ಕಡೆಯ ಕಲ್ಲು ಕ್ವಾರಿಯ ಮೇಲೆ ಮದ್ದು ಸಿಡಿಸುವ ಮುನ್ನಿನ ಕೆಂಪು ಬಾವುಟ ಏರಿತೆಂದರೆ ಅಂಜಮ್ಮ ಮೊದಲು ಗೋಡೆಯ ಹಲಗೆ ಮೇಲಿನ ಕೊಡಗಳನ್ನು ನೆಲಕ್ಕಿಳಿಸುತ್ತಾಳೆ. ಆಮೇಲೆ ಬಾಗಿಲು ತೆರೆದಿಡುತ್ತಾಳೆ. ಮುಚ್ಚಿದ್ದರೆ ಗೋಡೆ ಬಿರಿಯುತ್ತದೆಂಬುದು ಕೇರಿಯ ನಂಬಿಕೆ. ಆಮೇಲೆ ಹೊಟ್ಟೆ ಹಿಡಿದು ಕೂರುತ್ತಾಳೆ. ಅವಳು ಮದುವೆಯಾಗಿ ಬಂದಾಗ ಆ ಗುಡ್ಡದ ಮೇಲೆ ಕುರಿ ಮೇಯುತ್ತಿದ್ದವು. ಈಗ ಅರ್ಧ ಗುಡ್ಡವೇ ಇಲ್ಲ. ಶೇಂಗಾ ಹೊಲಕ್ಕೆ ಕೂಲಿಗೆ ಹೋಗಿ, ಅಡ್ಡ ಬಂದ ಹಾವನ್ನು ಕುಡುಗೋಲಿನಲ್ಲೇ ಹೊಡೆದ ಗಟ್ಟಿಗಿತ್ತಿ. ಮದ್ದಿನ ಸದ್ದಿಗೆ ಮಾತ್ರ ನಡುಗುತ್ತಾಳೆ.

"ಅದು ಬಡಿಯೋದು ಕಿವಿಗಲ್ಲಣ್ಣ, ಹೊಟ್ಟೆಗೆ. ಉಂಡಿದ್ದು ಬಾಯಿಗೆ ಬರ್ತೈತೆ" ಎನ್ನುತ್ತಾಳೆ, ಪಕ್ಕದ ಮನೆಯ ನನ್ನೊಡನೆ.

ದೂರು ಕೊಟ್ಟರೆ ಬಂದ ಸಾಹೇಬರು ಕಾರಿನಿಂದ ಇಳಿಯಲೂ ಇಲ್ಲ. "ನಾಯ್ಸ್ ಲಿಮಿಟ್ ಒಳಗೇ ಇದೆಯಲ್ಲಮ್ಮ" ಎಂದು ಗಾಜು ಏರಿಸಿಕೊಂಡರು. ಆ ನಾಯ್ಸ್ ಎಂಬ ಪದದ ಮೂಲ ಲ್ಯಾಟಿನ್ನಿನ 'ನಾಸಿಯಾ' ಇರಬೇಕೆನ್ನುತ್ತದೆ ಡಿಕ್ಷನರಿ. ಹಾಗೆಂದರೆ ಹಡಗು ಹತ್ತಿದವರ ಹೊಟ್ಟೆ ತೊಳಸುವಿಕೆ. ಫ್ರೆಂಚರ ಬಾಯಲ್ಲಿ ಅದು ಜಗಳ, ಗದ್ದಲವಾಯಿತು. ಇಂಗ್ಲಿಷಿಗೆ ಬಂದು ಸದ್ದಾಯಿತು. ಸಾಹೇಬರ ಕೈಗೆ ಸಿಕ್ಕಿ ಬರೀ ಅಂಕಿಯಾಯಿತು. ಅಂಜಮ್ಮನ ಹೊಟ್ಟೆ ಇನ್ನೂ ಹಳೆಯ ಅರ್ಥದಲ್ಲೇ ಇದೆ.

ಅವಳಿಗಿದ್ದ ಒಂದೇ ಸಮಾಧಾನ ಮೊಮ್ಮಗಳು ರಕ್ಷಾ. ಏಳು ತಿಂಗಳ ಕೂಸು, ಎಂಥ ಸದ್ದಿಗೂ ಬೆಚ್ಚುತ್ತಿರಲಿಲ್ಲ. "ನಿಮ್ಮಂಗಲ್ಲ ಅತ್ತೆ, ನನ್ ಮಗಳದು ಗುಂಡಿಗೆ!" ಎಂದು ಸೊಸೆ ಪೂಜಾ ಛೇಡಿಸುತ್ತಿದ್ದಳು. ಕೇರಿಯವರೆಲ್ಲ ಕೂಸಿನ ಧೈರ್ಯಕ್ಕೆ ದೃಷ್ಟಿ ನಿವಾಳಿಸುತ್ತಿದ್ದರು.

ಮೊನ್ನೆ ಆ ದರಿದ್ರದವರು ಬಾವುಟ ಏರಿಸದೆ, ಹಾರನ್ ಊದದೆ ಸಿಡಿಸಿದರು. ಹಲಗೆ ಮೇಲಿನ ಹಿತ್ತಾಳೆ ಕೊಡ ತೊಟ್ಟಿಲ ಪಕ್ಕಕ್ಕೇ ಬಿತ್ತು. ಅಂಗಳದಲ್ಲಿ ನನ್ನೊಡನೆ ಮಾತಾಡುತ್ತಿದ್ದ ಅಂಜಮ್ಮ ಚೀರುತ್ತಾ ಒಳಗೋಡಿದಳು. ಕೂಸು ಹಾಯಾಗಿ ನಿದ್ದೆ ಮಾಡುತ್ತಿತ್ತು.

"ನೋಡ್ರಿ, ಮಿಸುಕ್ಲಿಲ್ಲ!" ಪೂಜಾ ಎದೆ ಹಿಡಿದುಕೊಂಡೇ ನಕ್ಕಳು.

ಅಂಜಮ್ಮ ನಗಲಿಲ್ಲ. ಬಿದ್ದ ಕೊಡವನ್ನು ನೋಡಿದಳು, ಕೂಸನ್ನು ನೋಡಿದಳು. ಬಗ್ಗಿ ಅದರ ಕೆನ್ನೆ ಮುಟ್ಟಿದಳು. ತಟ್ಟನೆ ಕಣ್ಣು ಬಿಟ್ಟು ನಕ್ಕಿತು. ಅವಳು ಅದರ ಕಣ್ಣಿಗೆ ಬೀಳದಂತೆ ತಲೆಯ ಹಿಂದೆ ಹೋಗಿ, ಊಟದ ತಟ್ಟೆಗೆ ಸೌಟಿನಿಂದ ಬಡಿದಳು. ಕೂಸು ತಾಯಿಯ ಬಳೆಯನ್ನೇ ನೋಡುತ್ತಿತ್ತು. ಇನ್ನೂ ಜೋರಾಗಿ ಬಡಿದಳು.

"ಸಾಕು ಮಾಡ್ರಿ ಅತ್ತೆ, ಏನಾಗೈತೆ ನಿಮಗೆ?"

"ಧೈರ್ಯ ಅಲ್ಲ ಕಣೇ ಇದು." ಅಂಜಮ್ಮ ಸೌಟಿನಿಂದ ಕೂಸಿನ ಕಿವಿಯತ್ತ ತೋರಿಸಿದಳು. "ಜಗಳೂರು ಬಸ್ಸು ಎಷ್ಟೊತ್ತಿಗೈತೆ? ಡಾಕ್ಟರಿಗೆ ತೋರಿಸಾಕೆ ಹೋಗಾನ ನಡಿ."

ಪೂಜಾ ತಟ್ಟೆ, ಸೌಟು ಕಸಿದುಕೊಂಡು ಮಗಳ ಬೆನ್ನ ಹಿಂದೆ ನಿಂತು ತಾನೇ ಬಡಿಯತೊಡಗಿದಳು.